ಮೇಬಲ್ ಹಣೆಯ ವಿಭೂತಿ

ಸೋಮವಾರ ಬೆಳಿಗ್ಗೆ ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್‌ನಿಂದ ಮ್ಯಾನ್‌ಹಟನ್‌ಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಾಗ ಮಹೇಶನಿಗೆ ಆಶ್ಚರ್ಯವೇನೂ ಆಗಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ರಜೆ ಮುಗಿದ ಮೊದಲ ದಿನ ಅರ್ಧಕ್ಕರ್ಧ ಜನ ಮನೆಯಿಂದಲೇ ಕೆಲಸ ಮಾಡುತ್ತಾರೆ, ಇವತ್ತು ಸೀಟು ಗ್ಯಾರಂಟಿ ಎಂದು ಕಾಫಿ ಕುಡಿಯುವಾಗಲೇ ಹೆಂಡತಿ ಭೂಮಿಕಾಗೆ ಹೇಳಿಬಿಟ್ಟಿದ್ದ. ಜನ ಏನು ಮಾಡುತ್ತಾರೆ ಅನ್ನುವುದು ಅವನಿಗೆ ಮೊದಲೇ ಗೊತ್ತಾಗುತ್ತಿತ್ತು. ಅವನಿಗೆ ಸಂಬಳ ಕೊಡುತ್ತಿದ್ದುದೇ ಅದಕ್ಕೆ. ಮ್ಯಾನ್‌ಹಟನ್‌ನ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಕೂತು ಈ ದೇಶದ ಜನ ಬರುವ ತಿಂಗಳು ಎಷ್ಟು ದನದ ಮಾಂಸ ತಿನ್ನುತ್ತಾರೆ ಎಂದು ಮುಂಚಿತವಾಗಿ ಹೇಳುವುದು ಅವನ ಕೆಲಸ. ಹುಟ್ಟಿದಾಗಿನಿಂದ ಮೊಟ್ಟೆ ಸಹ ಮುಟ್ಟದ ರಾಣೆಬೆನ್ನೂರಿನ ಲಿಂಗಾಯತರ ಹುಡುಗ, ದನದ ಬೆನ್ನಿನ ಮಾಂಸ ಯಾವುದು, ಎದೆಯ ಮಾಂಸ ಯಾವುದು, ಬೇಸಿಗೆಯಲ್ಲಿ ಯಾವುದಕ್ಕೆ ಗಿರಾಕಿ, ಚಳಿಗಾಲದಲ್ಲಿ ಯಾವುದಕ್ಕೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಹೋದ ವಾರ ಎಲ್ಲೋ ದೂರದ ರಾಜ್ಯವೊಂದರಲ್ಲಿ ಒಂದು ಹಸುವಿಗೆ ಮ್ಯಾಡ್ ಕೌ ಎಂಬ ಮೆದುಳಿನ ರೋಗ ಇರಬಹುದೆಂಬ ಸುದ್ದಿ ಹೊರಬಿದ್ದು ಟೀವಿಯವರೆಲ್ಲ ಬೊಬ್ಬೆ ಹೊಡೆಯುತ್ತಿದ್ದಾಗ, ಇಡೀ ಆಫೀಸಿನಲ್ಲಿ ತಣ್ಣಗೆ ಕೂತಿದ್ದವನು ಇವನೊಬ್ಬನೇ. ಹೆದರಿಕೆಗೂ ಒಂದು ಆಯುಷ್ಯ ಇರುತ್ತದೆ ಎಂದು ಅವನು ಬರೆದು ಕೊಟ್ಟಿದ್ದ. ಮೊದಲು ಜನ ಕೈಮದ ಪೊಟ್ಟಣ ವಾಪಸ್ ಇಡುತ್ತಾರೆ, ಆಮೇಲೆ ಕೋಳಿಗೆ ಹೋಗುತ್ತಾರೆ, ಆಮೇಲೆ ಮರೆಯುತ್ತಾರೆ, ಕ್ರಿಸ್‌ಮಸ್ಸಿಗೆ ಮತ್ತೆ ದನಕ್ಕೇ ಬರುತ್ತಾರೆ. ಸಣ್ಣ ರೈತರ ಮೇಲಾಗುವ ಪರಿಣಾಮ ಗಣನೆಗೆ ಬಾರದಷ್ಟು ಎಂದೂ ಒಂದು ಸಾಲು ಸೇರಿಸಿದ್ದ. ಆ ಸಾಲು ಬರೆಯಲು ಅವನು ಒಂದು ಕ್ಷಣವನ್ನೂ ತೆಗೆದುಕೊಂಡಿರಲಿಲ್ಲ.

ಮನೆಯಲ್ಲಿ ಈ ಮಾತು ಬರುತ್ತಿರಲಿಲ್ಲ. ಅವನ ತಾಯಿ ಶಿವಕ್ಕ ಗೃಹಪ್ರವೇಶಕ್ಕೆಂದು ಊರಿಂದ ಬಂದಿದ್ದರು. ಮಗ ಅಮೇರಿಕದಾಗ ಮೆಕ್ಕೆಜೋಳದ ರೇಟ್ ಹೇಳತಾನ ಎಂದು ಅವರು ಹೋದಲ್ಲೆಲ್ಲ ಹೇಳಿಕೊಂಡು ಬಂದವರು. ರಾಣೆಬೆನ್ನೂರಿನ ಮಂದಿಗೆ ಅದಕ್ಕಿಂತ ದೊಡ್ಡ ಕೆಲಸ ಯಾವುದಿದೆ? ಸುಳ್ಳೇನೂ ಅಲ್ಲ ಎಂದು ಮಹೇಶ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಕೆಲಸಕ್ಕೆ ಸೇರಿದಾಗ ಜೋಳವನ್ನೇ ನೋಡುತ್ತಿದ್ದ. ಆ ಜೋಳವನ್ನು ದನ ತಿನ್ನುತ್ತದೆ, ದನವನ್ನು ಜನ ತಿನ್ನುತ್ತಾರೆ, ಇವನು ಬಡ್ತಿ ಸಿಕ್ಕ ಹಾಗೆ ಒಂದೊಂದೇ ಮೆಟ್ಟಿಲು ಮೇಲೆ ಹತ್ತಿದ, ಅಷ್ಟೇ. ತಾಯಿ ಎದುರಿಗಿದ್ದಾಗ ಆಫೀಸಿನ ಫೋನ್ ಬಂದರೆ ಬೇಸ್‌ಮೆಂಟಿಗೆ ಇಳಿದು ಹೋಗುವುದು ಮಾತ್ರ ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಹಾಗೆ ಇಳಿಯುವಾಗಲೆಲ್ಲ, ಸಿಗರೇಟು ಸೇದಲು ಹಿತ್ತಿಲಿಗೆ ಹೋಗುವ ಕಾಲೇಜು ಹುಡುಗನ ಸಣ್ಣ ನಾಚಿಕೆಯೊಂದು ಎದೆಯಲ್ಲಿ ಚುರುಕ್ ಅನ್ನುತ್ತಿತ್ತು. ನಲವತ್ತೆರಡು ದಾಟಿದ ಮನುಷ್ಯನಿಗೆ ಇದೆಲ್ಲ ಬೇಕೇ ಎಂದು ಭೂಮಿಕಾ ಒಂದು ಸಲ ಕೇಳಿದ್ದಳು. ಹೇಳಿದರಾಯಿತು, ಸಮಯ ಬರಲಿ ಎಂದು ಅವನು ಮಾತು ಹಾರಿಸಿದ್ದ.

ಶನಿವಾರದ ಗೃಹಪ್ರವೇಶವಂತೂ ಅವನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಆಗಿತ್ತು. ಹೊಸ ಮನೆಗೆ ಮೊದಲು ಆಕಳು ಕಾಲಿಡಬೇಕು, ಕರುವೂ ಇರಬೇಕು ಎಂದು ಶಿವಕ್ಕ ಊರಿನಿಂದಲೇ ಹಟ ಹಿಡಿದಿದ್ದರು. ಗೋಶಾಲೆಯ ಹಸುವಿಗೆ ಈ ಸೀಸನ್ನಿನಲ್ಲಿ ಆರು ತಿಂಗಳು ಮೊದಲೇ ಬುಕಿಂಗ್. ಆಗ ಮಹೇಶನಿಗೆ ಹೊಳೆದದ್ದು ಡೇನಿಯಲ್. ನ್ಯೂಜೆರ್ಸಿಯ ಪಶ್ಚಿಮದ ಗುಡ್ಡಗಳ ಕಡೆ ಡೇನಿಯಲ್ಲನದು ಮಾಂಸದ ದನಗಳ ಸಣ್ಣ ಫಾರ್ಮು. ಬರೀ ಹುಲ್ಲು ಮೇಯಿಸಿ ಬೆಳೆಸಿದ ದನ, ನಾಲ್ಕಾರು ಒಳ್ಳೆಯ ಹೋಟೆಲುಗಳಿಗೆ ಅಲ್ಲಿಂದಲೇ ಮಾಂಸ. ಕಂಪನಿಯವರು ಒಮ್ಮೆ ಇವರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿದ್ದಾಗ ಪರಿಚಯ. ಅವನಲ್ಲಿ ಮೇಬಲ್ ಎಂಬ ಕರಿಯ ಹಸುವಿತ್ತು, ಸಾಧು ಪ್ರಾಣಿ, ಶಾಲೆ ಮಕ್ಕಳು ಬಂದರೆ ಮೈ ಸವರಿಸಿಕೊಂಡು ನಿಲ್ಲುತ್ತಿತ್ತು. ಕೇಳಿದ್ದಕ್ಕೆ ಡೇನಿಯಲ್ ನಗುತ್ತಾ ಒಪ್ಪಿಕೊಂಡ. ಬಂದವರಿಗೆಲ್ಲ ಮಹೇಶ ಇದು ಪೆನ್ಸಿಲ್ವೇನಿಯಾದ ಗೋಶಾಲೆಯ ಹಸು ಎಂದು ಹೇಳಿದ. ಬಾಯಿಂದ ತಾನಾಗಿ ಬಂತು, ಯೋಚನೆಯನ್ನೇನೂ ಮಾಡಿರಲಿಲ್ಲ. ಪಕ್ಕದ ಬೀದಿಯ ಕೃಷ್ಣಸ್ವಾಮಿ ಅಂಕಲ್ ಹಸುವಿನ ಸುತ್ತ ಒಂದು ಸುತ್ತು ಹಾಕಿ, ಗೋಶಾಲೆ ಹಸುವಿನ ಕಳೆಯೇ ಬೇರೆ ನೋಡಿ ಎಂದು ತಲೆದೂಗಿದರು. ಹೊಸ ಮರದ ನೆಲಕ್ಕೆ ಪ್ಲಾಸ್ಟಿಕ್ ಹಾಸಿದ್ದರು. ಅದರ ಮೇಲೆ ಮೇಬಲ್ ನಾಲ್ಕು ಹೆಜ್ಜೆ ಒಳಗಿಟ್ಟಾಗ ಶಿವಕ್ಕನ ಕಣ್ಣು ಒದ್ದೆಯಾಯಿತು. ಅದರ ಹಣೆಗೆ ಅವರೇ ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟರು.

ಟ್ರೇಲರಿನಿಂದ ಹಸುವನ್ನು ಇಳಿಸುವಾಗಲೇ ಡೇನಿಯಲ್ ಹೇಳಿದ್ದ. ಒಂದು ಹಿಡಿ ಹುಲ್ಲು ಕೊಡಿ, ಬೇರೆ ಏನೂ ಬೇಡ, ಇವಳು ಹುಟ್ಟಿದಾಗಿನಿಂದ ಕಾಳು ಕಂಡವಳಲ್ಲ ಎಂದಿದ್ದ. ನೋ ಪ್ರಾಬ್ಲಮ್ ಡೇನಿಯಲ್ ಎಂದಿದ್ದ ಮಹೇಶ. ಪೂಜೆ ಮುಗಿಯುವ ಹೊತ್ತಿಗೆ ಬರುತ್ತೇನೆಂದು ಡೇನಿಯಲ್ ಪೇಟೆಯ ಕಡೆ ಹೋಗಿದ್ದ. ಆಮೇಲೆ ಹಸುವನ್ನು ಕಟ್ಟಿದ್ದ ಗರಾಜಿನ ಬಾಗಿಲಲ್ಲಿ ನಿಂತು, ರೇಷ್ಮೆ ಸೀರೆ ಉಟ್ಟು ತಟ್ಟೆ ಹಿಡಿದು ಬರುತ್ತಿದ್ದ ಹೆಂಗಸರನ್ನು ನೋಡಿದಾಗ, ಗೋಮಾತೆಗೆ ಏನೂ ಕೊಡಬೇಡಿ ಎಂದು ಹೇಳುವ ಬಾಯಿ ಅವನಿಗೆ ಬರಲಿಲ್ಲ. ಹೊಸ ಮನೆಯ ಯಜಮಾನ, ಬಂದವರ ಕೈ ಹಿಡಿಯುವುದೇ? ಹೇಳಬೇಕು ಎಂದುಕೊಳ್ಳುತ್ತಿರುವಾಗ ಬಾಸ್ ಸಿದ್‌ನ ಫೋನ್ ಬಂತು. ಮ್ಯಾಡ್ ಕೌ ಸುದ್ದಿ ಜೋರಾಗುತ್ತಿದೆ, ಸೋಮವಾರ ಮಾರ್ಕೆಟ್ ತೆರೆದರೆ ಏನು ಕಥೆ ಎಂದು ಸಿದ್ ಕೇಳಿದ. ಮಹೇಶ ರೇಷ್ಮೆ ಪಂಚೆ ಎತ್ತಿ ಕಟ್ಟಿ ಬೇಸ್‌ಮೆಂಟಿಗೆ ಇಳಿದ. ಕೆಳಗೆ ಕತ್ತಲಲ್ಲಿ ನಿಂತು, ಈ ದೇಶದ ಮೂವತ್ತು ಚಿಲ್ಲರೆ ಕೋಟಿ ಬಾಯಿಗಳು ಎಷ್ಟು ಕಡಿಮೆ ತಿಂದಾವು ಎಂದು ಒಂದು ತಾಸು ವಿವರಿಸಿದ. ತಲೆಯ ಮೇಲೆ ಜನ ಓಡಾಡುವ ಸದ್ದು, ನಗುವಿನ ಸದ್ದು ಕೇಳುತ್ತಿತ್ತು. ಮೇಲೆ ಬಂದಾಗ ಪೂಜೆ ಮಾಡಿಸಿದ ಅಯ್ಯನವರು ಊಟಕ್ಕೆ ಕೂತಾಗಿತ್ತು, ತಿರುಗಿ ಬಂದ ಡೇನಿಯಲ್ ಹಸು-ಕರುವನ್ನು ಟ್ರೇಲರಿಗೆ ಹತ್ತಿಸುತ್ತಿದ್ದ. ಯಾರು ಏನು ಕೊಟ್ಟರೆಂದು ಮಹೇಶ ಕೇಳಲಿಲ್ಲ.

ಬಸ್ಸು ಟರ್ನ್‌ಪೈಕ್ ಹೆದ್ದಾರಿ ಹತ್ತಿದ ಮೇಲೆ ಅವನು ಫೋನ್ ತೆಗೆದು ನೋಡಿದರೆ ಡೇನಿಯಲ್ಲನ ವಾಯ್ಸ್‌ಮೇಲ್ ಬಂದಿತ್ತು. ಮೇಬಲ್ ನಿನ್ನೆಯಿಂದ ಮೇವು ಮುಟ್ಟಿಲ್ಲ. ಬಾಯಿಂದ ಜೊಲ್ಲು, ನಿಂತರೆ ತೂರಾಡುತ್ತಿದ್ದಳು, ನಿನ್ನೆ ಮಧ್ಯಾಹ್ನದಿಂದ ಎದ್ದೇ ಇಲ್ಲ. ಇವತ್ತು ಬಂದೂಕಿನ ಬೇಟೆಯ ಮೊದಲ ದಿನ. ನನ್ನ ಕಾಡಿನಲ್ಲಿ ಜಿಂಕೆ ಹೊಡೆಯಲು ನಿನ್ನೆಯೇ ಜಾಗ ನೋಡಲು ಬಂದ ಯಾರೋ ಬೇಲಿಯಾಚೆಯಿಂದ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದ್ದಾನೆ. ಬೇಟೆಗೆ ದುಡ್ಡು ಕೊಟ್ಟು ಜಾಗ ಹಿಡಿದಿದ್ದವರೆಲ್ಲ ಹೊರಟುಹೋದರು, ಅದೇ ತೊಟ್ಟಿಯ ನೀರು ಕುಡಿದ ಜಿಂಕೆಯನ್ನು ತಿನ್ನುವವರು ಯಾರು ಅಂತ. ಎರಡು ಹೋಟೆಲಿನವರು ಆರ್ಡರ್ ನಿಲ್ಲಿಸಿದರು. ಮಧ್ಯಾಹ್ನ ಸರ್ಕಾರದ ಪಶುವೈದ್ಯೆ, ಸ್ಟೇಟ್ ವೆಟ್, ಬರುತ್ತಾಳೆ, ಲಕ್ಷಣ ನೋಡಿದರೆ ಮೇಬಲ್‌ಳನ್ನು ಮುಗಿಸಿ ತಲೆಯನ್ನು ಮ್ಯಾಡ್ ಕೌ ಪರೀಕ್ಷೆಗೆ ಒಯ್ಯುತ್ತಾರಂತೆ. ಫಲಿತಾಂಶ ಬರುವ ತನಕ ಫಾರ್ಮಿಗೆ ಬೀಗ. ನಿಮ್ಮ ಮನೆಯಲ್ಲಿ ಪೇಂಟು, ಕಾರಿಗೆ ಹಾಕುವ ಆಂಟಿಫ್ರೀಜ್, ಅಂಥದ್ದೇನಾದರೂ ನೆಕ್ಕಿದಳಾ, ಸ್ವಲ್ಪ ನೆನಪು ಮಾಡಿಕೊಂಡು ಹೇಳು. ಡೇನಿಯಲ್ಲನ ದನಿಯಲ್ಲಿ ಆರೋಪವಿರಲಿಲ್ಲ, ಅದೇ ಮಹೇಶನಿಗೆ ಹೆಚ್ಚು ಚುಚ್ಚಿತು.

ಅವನಿಗೆ ಗೊತ್ತಾಗಿಬಿಟ್ಟಿತು. ಗೊತ್ತಾಗದೆ ಇರಲು ಹೇಗೆ ಸಾಧ್ಯ? ದನಗಳಿಗೆ ಕಾಳು ತಿನ್ನಿಸಿ ಕೊಬ್ಬಿಸುವ ಫೀಡ್‌ಲಾಟುಗಳ ವರದಿಗಳನ್ನು ಹದಿಮೂರು ವರ್ಷ ಓದಿದವನು ಅವನು. ಹುಲ್ಲಿನ ದನಕ್ಕೆ ಒಮ್ಮೆಲೇ ಕಾಳು, ಸಕ್ಕರೆ ಬಿದ್ದರೆ ಹೊಟ್ಟೆಯೊಳಗೆ ಹುಳಿಯೇರುತ್ತದೆ, ಹುಳಿ ರಕ್ತಕ್ಕೆ ಹತ್ತುತ್ತದೆ, ದನ ಕುಡಿದವರ ಹಾಗೆ ತೂರಾಡಿ ಮಲಗುತ್ತದೆ. ವರದಿಗಳಲ್ಲಿ ಅದಕ್ಕೊಂದು ಶೇಕಡಾವಾರು ನಷ್ಟದ ಕಾಲಮ್ಮೇ ಇರುತ್ತಿತ್ತು. ಗೊತ್ತಾಗಿಯೂ ಅವನು ಫೋನನ್ನು ಜೇಬಿಗೆ ಹಾಕಿ ಕಿಟಕಿಯಾಚೆ ನೋಡಿದ. ಒಂದೊಂದು ತುತ್ತು ಕೊಟ್ಟಿರಬಹುದು, ಒಂದೊಂದು ತುತ್ತಿಗೆ ಅಷ್ಟು ದೊಡ್ಡ ಪ್ರಾಣಿಗೆ ಏನಾಗುತ್ತದೆ, ಡೇನಿಯಲ್ಲನ ಹೊಲದಲ್ಲೇ ಏನಾದರೂ ತಿಂದಿರಬೇಕು ಎಂದು ಸಮಾಧಾನ ಮಾಡಿಕೊಂಡ. ಎಪ್ಪತ್ತು ಜನ ಬಂದಿದ್ದರು. ಕೋಟಿ ಬಾಯಿಗಳನ್ನು ಕೂಡಿಸಿ ಹೇಳುವವನಿಗೆ ತನ್ನ ಗರಾಜಿನಲ್ಲಿ ಎಪ್ಪತ್ತು ಕೈಗಳನ್ನು ಕೂಡಿಸಲು ನದಿಯ ಕೆಳಗಿನ ಸುರಂಗ ದಾಟಿ ಊರು ಸೇರುವವರೆಗೂ ಮನಸ್ಸಾಗಲಿಲ್ಲ.

ಆಫೀಸಿನ ಮೀಟಿಂಗ್ ರೂಮಿನಲ್ಲಿ ಗೋಡೆಯ ಪರದೆಯ ಮೇಲೆ ಮೇಬಲ್ ಮಲಗಿದ್ದಳು. ಸಿದ್ ಆ ಫೇಸ್‌ಬುಕ್ ಫೋಟೋವನ್ನು ಅಷ್ಟು ದೊಡ್ಡದು ಮಾಡಿ ಹಾಕಿದ್ದ. ಇವನಿಗಿಂತ ಹತ್ತು ವರ್ಷ ಚಿಕ್ಕವನು ಸಿದ್, ಇಲ್ಲೇ ನ್ಯೂಯಾರ್ಕಿನ ಜೆರಿಕೋದಲ್ಲಿ ಹುಟ್ಟಿ ಬೆಳೆದ ಹುಡುಗ, ಕನ್ನಡ ಹೋಗಲಿ ಹಿಂದಿಯೂ ಬಾರದು. ಅವನಿಗೆ ಕುತೂಹಲ ಬೇರೆಯದೇ. ಹಸುವಿನ ಹಣೆಯ ಮೇಲೆ ಮೂರು ಬಿಳಿ ಗೆರೆ, ನಡುವೆ ಕೆಂಪು ಕಲೆ. ಫೋಟೋ ಕೆಳಗೆ ಜನ ಅದನ್ನೇ ಹಿಡಿದುಕೊಂಡಿದ್ದರು. ಒಬ್ಬ ಹೊಸ ಬಗೆಯ ಬೂಷ್ಟು ಎಂದು ಬರೆದಿದ್ದ, ಇನ್ನೊಬ್ಬ ಹುಣ್ಣು ಒಡೆದಿದೆ ಎಂದಿದ್ದ, ಮೆದುಳಿನ ರೋಗ ಚರ್ಮಕ್ಕೆ ಬಂದರೆ ಹೀಗೇ ಆಗುವುದು ಎಂದು ಮೂರನೆಯವಳು ಖಾತ್ರಿ ಕೊಟ್ಟಿದ್ದಳು. ಸಾವಿರಾರು ಜನ ಅದನ್ನು ಹಂಚಿಕೊಂಡಿದ್ದರು. ಮೂರನೇ ಗೆರೆ ಕೊನೆಯಲ್ಲಿ ಸ್ವಲ್ಪ ಸೊಟ್ಟಗಿತ್ತು. ಶಿವಕ್ಕನ ಉಂಗುರ ಬೆರಳು ಹುಟ್ಟಾ ಡೊಂಕು. ಚಿಕ್ಕಂದಿನಿಂದ ಪ್ರತಿ ದಿನ ತನ್ನ ಹಣೆಯ ಮೇಲೆ ಮೂಡುತ್ತಿದ್ದ ಗೆರೆ ಅದು. ಪರೀಕ್ಷೆಗೆ ಹೊರಟಾಗ ಎಳೆದದ್ದು, ವಿಮಾನ ಹತ್ತುವಾಗ ಎಳೆದದ್ದು, ಹೈಸ್ಕೂಲಿನಲ್ಲಿ ಗೆಳೆಯರು ನಗುತ್ತಾರೆಂದು ಅವನು ಬೀದಿ ತಿರುವಿನಲ್ಲಿ ಕರ್ಚೀಫಿನಿಂದ ಒರೆಸಿಕೊಳ್ಳುತ್ತಿದ್ದದ್ದು. ಈಗ ಆ ಬೆರಳಿನ ಗುರುತಿಗೆ ಹತ್ತು ಜನ ಗಂಡಸರು ಹೆಂಗಸರು ಕಾಫಿ ಕಪ್ಪು ಹಿಡಿದು ರೋಗದ ಹೆಸರು ಹುಡುಕುತ್ತಿದ್ದರು. ಮಹೇಶನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ನೋಡಿದರೆ ತನ್ನ ಮೇಲೆಯೇ ಇತ್ತು.

ಇದು ರೋಗ ಅಲ್ಲ ಎಂದ. ಎಲ್ಲರೂ ತಿರುಗಿದರು. ಅವನ ದನಿಯಲ್ಲಿ ಎಂದಿನ ಖಚಿತತೆ ಇತ್ತು, ಆ ದನಿಗೆ ಅಲ್ಲಿ ಮರ್ಯಾದೆಯೂ ಇತ್ತು. ಇದು ನಮ್ಮ ಮನೆಗೆ ಬಂದಿದ್ದ ಹಸು, ಹಣೆಯ ಮೇಲಿರುವುದು ಬೂದಿ, ನಮ್ಮ ತಾಯಿ ಹಚ್ಚಿದ್ದು, ಇದಕ್ಕೆ ಆಗಿರುವುದು ಅಜೀರ್ಣ ಎಂದು ಬಿಡಿಸಿ ಹೇಳಿದ. ಒಬ್ಬಳಿಗೆ ನಗು ತಡೆಯಲಾಗಲಿಲ್ಲ. ಸಿದ್ ಮಾತ್ರ ನಗಲಿಲ್ಲ, ಅವನನ್ನು ಕಿಟಕಿ ಹತ್ತಿರ ಕರೆದುಕೊಂಡು ಹೋದ. ಇದು ಇನ್ನಾರಿಗೂ ಗೊತ್ತಿಲ್ಲ ತಾನೇ ಎಂದು ಕೇಳಿದ. ಮಧ್ಯಾಹ್ನದವರೆಗೆ ಸುಮ್ಮನಿರು, ಅಷ್ಟರಲ್ಲಿ ದನದ ರೇಟು ಇನ್ನೂ ಬೀಳುತ್ತದೆ, ಆಗ ನಾವು ಕೊಂಡುಬಿಡೋಣ, ಆಮೇಲೆ ಯಾರಿಗೆ ಬೇಕಾದರೂ ಹೇಳು, ರೇಟು ತಾನಾಗಿ ಏರುತ್ತದೆ ಎಂದ. ಒಂದು ಕ್ಷಣ, ಒಂದೇ ಕ್ಷಣ, ಮಹೇಶನಿಗೆ ಖುಷಿಯಾದದ್ದು ನಿಜ. ಇಡೀ ದೇಶ ಹೆದರಿಕೊಂಡಿರುವಾಗ ತನಗೊಬ್ಬನಿಗೆ ಸತ್ಯ ಗೊತ್ತಿದೆ. ಅವನಂಥವನಿಗೆ ಇದಕ್ಕಿಂತ ದೊಡ್ಡ ಸುಖ ಇನ್ನೇನಿದೆ? ಮರುಗಳಿಗೆ ಆ ಖುಷಿಗೇ ಹೇಸಿಕೆಯಾಯಿತು. ಮಧ್ಯಾಹ್ನಕ್ಕೆ ಆ ಹಸುವಿನ ತಲೆ ತೆಗೀತಾರೆ ಸಿದ್ ಎಂದು ಹೇಳಿ ಕೋಟು ಹಾಕಿಕೊಂಡು ಹೊರಟ. ಕೆಲಸ ಹೋದರೆ ಹೋಗಲಿ ಎಂದೇನೂ ಅವನು ಅಂದುಕೊಳ್ಳಲಿಲ್ಲ, ಹೋಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಡೇನಿಯಲ್ಲನ ಫೋನ್ ಎತ್ತುವವರಿರಲಿಲ್ಲ, ವಾಯ್ಸ್‌ಮೇಲ್ ತುಂಬಿಹೋಗಿತ್ತು. ವಾಪಸಿನ ಬಸ್ಸಿನಲ್ಲಿ ಕೂತು ಮಹೇಶ ರಾಜ್ಯದ ಪಶುವೈದ್ಯ ಇಲಾಖೆಗೆ ಫೋನ್ ಮಾಡಿದ, ಅವರು ಕಾಯಿಸಿದರು, ಇನ್ನೊಬ್ಬರಿಗೆ ಕೊಟ್ಟರು, ಕೊನೆಗೆ ಆ ವೆಟ್ ಹೆಂಗಸೇ ದಾರಿಯಿಂದ ತಿರುಗಿ ಫೋನ್ ಮಾಡಿದಳು. ಹಸು ಸ್ವಲ್ಪ ಧಾನ್ಯ ತಿಂದಿದೆ ಎಂದ ಇವನು. ಸ್ವಲ್ಪ ಎಂದರೆ ಎಷ್ಟು ಎಂದು ಅವಳು ಕೇಳಿದಳು. ಕಣ್ಣಾರೆ ನೋಡಿದ್ದೀಯಾ ಎಂದಳು. ಇಲ್ಲ. ಹಾಗಾದರೆ ನೋಡಿದವರು ಯಾರು? ನನ್ನ ತಾಯಿ ಎಂದ. ಆಕೆ ನಿಷ್ಠುರಿಯೂ ಅಲ್ಲ, ಮೃದುವೂ ಅಲ್ಲ. ತೂರಾಡುವ, ಜೊಲ್ಲು ಸುರಿಸುವ ದನ, ಊರೆಲ್ಲ ಹೆದರಿಕೊಂಡಿರುವ ಹೊತ್ತು; ಇರಬಹುದು ಅನ್ನುವ ಮಾತು ಇಟ್ಟುಕೊಂಡು ನಾನು ಅದನ್ನು ಬಿಟ್ಟು ಹೋಗಲಾರೆ, ಏನು ಕೊಟ್ಟರು, ಎಷ್ಟು ಕೊಟ್ಟರು ಎಂದು ಕೊಟ್ಟವರೇ ಬಂದು ನನ್ನೆದುರು ಹೇಳಬೇಕು, ಬೇಗ ಕರೆದುಕೊಂಡು ಬಾ, ನೀನು ಬರುವ ತನಕ ಕಾಯುತ್ತೇನೆ ಎಂದಳು. ಫೋನಿನಲ್ಲೇ ಮುಗಿಸುವ ಉಪಾಯ ಉಳಿಯಲಿಲ್ಲ. ತಾಯಿ ಆ ಫಾರ್ಮಿನೊಳಗೆ ಕಾಲಿಡಬೇಕು. ಕಾಲಿಟ್ಟರೆ ಗೋಶಾಲೆಯ ಕಥೆ ಅಲ್ಲಿಗೆ ಮುಗಿಯಿತು, ಅದರ ಬೆನ್ನಿಗೆ ಮೆಕ್ಕೆಜೋಳದ ಕಥೆಯೂ ಮುಗಿಯಬಹುದು. ಕರೆದೊಯ್ಯದಿದ್ದರೆ ಮೇಬಲ್ ಮುಗಿಯುತ್ತಾಳೆ, ಡೇನಿಯಲ್ಲನ ಹೆಸರು ಮುಗಿಯುತ್ತದೆ.

ಮನೆ ಮುಟ್ಟಿದಾಗ ಶಿವಕ್ಕ ಹೊಸ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರು. ಮೊನ್ನಿ ಬಂದಿತ್ತಲ್ಲ ಆಕಳು, ಅದಕ್ಕ ಆರಾಮಿಲ್ಲ ಎಂದು ಮಹೇಶ ಹೇಳಿ ಮುಗಿಸುವ ಮೊದಲೇ ಅವರು ಒಲೆ ಆರಿಸಿ ಕೈ ತೊಳೆದುಕೊಂಡಿದ್ದರು. ಕಾರಿನಲ್ಲಿ, ಅದ್ಯಾರ ದೃಷ್ಟಿ ತಗಲಿತೋ, ಗೋಶಾಲೆಯವರಿಗೆ ಏನು ಹೇಳೋದು ಎಂದು ಅವರು ಪೇಚಾಡುತ್ತಿದ್ದರು. ಹೆದ್ದಾರಿಯ ಮುಂದಿನ ಎಕ್ಸಿಟ್ ಬರಲಿ ಹೇಳುತ್ತೇನೆ ಎಂದುಕೊಂಡ ಮಹೇಶ. ಅದು ಬಂತು, ಹೋಯಿತು. ಗುಡ್ಡದ ರಸ್ತೆ ಹಿಡಿಯಲಿ ಎಂದುಕೊಂಡ. ಮಾತು ಶುರುಮಾಡುವ ಬಗೆಗಳು ಅವನಿಗೆ ಹತ್ತಾರು ಗೊತ್ತಿದ್ದವು, ಕಂಪನಿಯ ದೊಡ್ಡವರೆದುರು ಕೆಟ್ಟ ಸುದ್ದಿಯನ್ನು ಒಳ್ಳೆಯ ಸುದ್ದಿಯ ಹಾಗೆ ಹೇಳಿ ಬಂದವನು. ಒಂದೂ ಕನ್ನಡದಲ್ಲಿ ಕೂರಲಿಲ್ಲ. ಇಷ್ಟಕ್ಕೂ ಅವ್ವನಿಗೆ ಇಂಗ್ಲಿಷ್ ಓದಲು ಬರುವುದು ಅಷ್ಟಕ್ಕಷ್ಟೇ, ಬೋರ್ಡು ನೋಡಿದರೂ ಗೊತ್ತಾಗಲಿಕ್ಕಿಲ್ಲ, ಕೆಲಸ ಮುಗಿಸಿಕೊಂಡು ಬಂದುಬಿಡಬಹುದು ಎಂದು ಕೊನೆಯ ತಿರುವಿನಲ್ಲಿ ಧೈರ್ಯ ತಂದುಕೊಂಡ.

ಫಾರ್ಮಿನ ಬಾಗಿಲಲ್ಲೇ ಡೇನಿಯಲ್ಲನ ಸಣ್ಣ ಅಂಗಡಿ ಇತ್ತು. ಅದರ ಗೋಡೆಯ ಮೇಲೆ ಆಳೆತ್ತರದ ದನದ ಚಿತ್ರ. ಮೈಮೇಲೆಲ್ಲ ಗೆರೆ ಕೊರೆದು ಹೆಗಲು, ಪಕ್ಕೆ, ಸೊಂಟ, ತೊಡೆ ಎಂದು ಪಾಲು ಮಾಡಿ, ಒಂದೊಂದು ಪಾಲಿಗೂ ಒಂದೊಂದು ಬಣ್ಣ ಹಚ್ಚಿತ್ತು. ಅದನ್ನು ಓದಲು ಇಂಗ್ಲಿಷ್ ಬೇಕಾಗಿರಲಿಲ್ಲ. ಶಿವಕ್ಕ ಕಾರಿನಿಂದ ಇಳಿದವರು ಅದರ ಮುಂದೆ ನಿಂತರು. ಸೆರಗನ್ನು ಸ್ವೆಟರಿನ ಮೇಲೆ ಬಿಗಿಯಾಗಿ ಎಳೆದುಕೊಂಡರು. ಗೆರೆಗಳನ್ನು ಒಂದೊಂದಾಗಿ ನೋಡುವ ಹಾಗೆ ನೋಡಿದರು. ಮಹೇಶ ಕಾರಿನ ಕೀಲಿ ಕೈಯಲ್ಲಿ ಹಿಡಿದು, ಬಯ್ಯಲಿ, ಅಳಲಿ, ಇಲ್ಲಿಂದ ತಿರುಗಿ ನಡಿ ಅನ್ನಲಿ ಎಂದು ಕಾದ. ಅವರು ಆಕಳು ಎಲ್ಲೈತಿ ಎಂದಷ್ಟೇ ಕೇಳಿ, ಅವನು ತೋರಿಸಿದ ಕಡೆಗೆ ಅವನಿಗಿಂತ ಮುಂದೆ ನಡೆದರು.

ಕೊಟ್ಟಿಗೆಯಲ್ಲಿ ಹುಲ್ಲಿನ ಮೇಲೆ ಮೇಬಲ್ ಕುತ್ತಿಗೆ ಮಡಚಿ ಮಲಗಿದ್ದಳು, ಕರುವನ್ನು ಆಚೆ ಕಟ್ಟಿದ್ದರು. ಹಣೆಯ ಬೂದಿ ಅರ್ಧ ಅಳಿಸಿತ್ತು. ವೆಟ್ ಉದ್ದ ಕೈಗವಸು ತೊಟ್ಟು ದೂರ ನಿಂತಿದ್ದಳು, ಡೇನಿಯಲ್ ಕಂಬಕ್ಕೆ ಒರಗಿದ್ದ; ಎರಡು ದಿನದಲ್ಲಿ ಅವನ ಮುಖ ಇಳಿದುಹೋಗಿತ್ತು. ನಿನ್ನ ತಾಯಿಯನ್ನು ಕೇಳು ಎಂದಳು ವೆಟ್. ಮಹೇಶ ತಾಯಿಯ ಕಡೆ ತಿರುಗಿ, ಏನೇನು ಹಾಕಿದ್ರಿ ಅದಕ್ಕ ಎಂದು ಕೇಳಿದ. ಶಿವಕ್ಕ ಮುಚ್ಚುಮರೆ ಮಾಡದೆ ಹೇಳಿದರು. ಅಕ್ಕಿ ಬೆಲ್ಲ ನೆನೆಹಾಕಿದ್ದು ಒಂದು ಬಕೆಟ್. ಎಷ್ಟು ಆಶೆಪಟ್ಟು ತಿಂತಂದ್ರ, ಎಲ್ಲಾರಿಗೂ ಖುಷಿ ಆತು, ಮತ್ತೊಂದು ಬಕೆಟ್ ಕಲಸಿದರು. ಆಮೇಲೆ ಗೋಧಿ ಹುಗ್ಗಿ. ಬಂದವರು ಒಬ್ಬೊಬ್ಬರು ಒಂದೊಂದು ಹೋಳಿಗೆ, ಬಾಳೆಹಣ್ಣು. ಕೃಷ್ಣಸ್ವಾಮಿಯವರು ಸಜ್ಜಿಗೆಯ ಪಾತ್ರೆಯನ್ನೇ ಮುಂದಿಟ್ಟರು. ಮಹೇಶ ವೆಟ್ ಕಡೆ ತಿರುಗಿದ. ಅತಿಥಿಗಳು ಸಾಕಷ್ಟು ಅಕ್ಕಿ ಮತ್ತು ಸಿಹಿ ತಿನ್ನಿಸಿದ್ದಾರೆ ಎಂದು ಇಂಗ್ಲಿಷಿನಲ್ಲಿ ಚೊಕ್ಕವಾಗಿ ಹೇಳಿದ. ಗೆಸ್ಟ್ಸ್ ಎಂಬ ಪದ ಶಿವಕ್ಕನಿಗೆ ಗೊತ್ತಿತ್ತು.

"ನೋ ಗೆಸ್ಟ್ಸ್" ಎಂದರು ಅವರು, ಡೇನಿಯಲ್ಲನನ್ನು ನೋಡಿ. "ಐ ಗೇವ್. ಟೂ ಬಕೆಟ್. ಐ." ತಮ್ಮ ಎದೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಆಮೇಲೆ ಮಗನ ತೋಳು ಹಿಡಿದು, "ಮೈ ಸನ್ ನಾಟ್ ನೋ. ಹಿ ವಾಸ್ ಇನ್ ಆಫೀಸ್ ಫೋನ್" ಎಂದರು.

ಡೇನಿಯಲ್ ತಲೆ ಎತ್ತಲಿಲ್ಲ, ತನ್ನ ಬೂಟಿಗೆ ಹತ್ತಿದ್ದ ಹುಲ್ಲು ಕೀಳುತ್ತಾ ನಿಂತ. ಅವನು ಒಂದೇ ಒಂದು ಮಾತು ಆಡಬಹುದಿತ್ತು, ನಾನು ಹೇಳಿದ್ದೆ ತಾಯಿ ಅನ್ನಬಹುದಿತ್ತು. ಆಡಲಿಲ್ಲ. ಆ ಮೌನದಲ್ಲಿ ನಿಂತು ಮಹೇಶನಿಗೆ, ಇವರಿಬ್ಬರೂ ಸೇರಿ ತನ್ನನ್ನು ಬಿಟ್ಟುಬಿಡಲು ತಯಾರಿದ್ದಾರೆ ಎಂದು ಸ್ಪಷ್ಟವಾಯಿತು. ಬಿಡಿಸಿಕೊಂಡು ಹೋಗುವುದು ಸುಲಭವಿತ್ತು. ಅವ್ವ ತಪ್ಪು ಒಪ್ಪಿಕೊಂಡಾಗಿದೆ, ವೆಟ್‌ಗೆ ಬೇಕಾದದ್ದು ಸಿಕ್ಕಿದೆ, ಊರ ಕಡೆಯ ಮುದುಕಿಗೆ ಗೊತ್ತಾಗಲಿಲ್ಲ ಪಾಪ ಎಂದು ಎಲ್ಲರೂ ಮರೆಯುತ್ತಾರೆ. ಜನ ಹೇಗೆ ಮರೆಯುತ್ತಾರೆ ಎಂಬುದು ಅವನಷ್ಟು ಯಾರಿಗೆ ಗೊತ್ತು? ಆದರೆ ಅರವತ್ತೆಂಟು ವರ್ಷದ ಆ ಹೆಂಗಸು, ಗೋಡೆಯ ಮೇಲಿನ ಚಿತ್ರವನ್ನು ಈಗಷ್ಟೇ ನೋಡಿ ಬಂದವಳು, ಪರಭಾಷೆಯಲ್ಲಿ ತಡವರಿಸಿ ತನಗೆ ಅಡ್ಡ ನಿಂತದ್ದು ಅವನಿಗೆ ತಡೆಯಲಾಗಲಿಲ್ಲ.

"ನನಗ ಗೊತ್ತಿತ್ತವ್ವಾ" ಎಂದ. "ಏನೂ ಹಾಕಬ್ಯಾಡ ಅಂತ ಇಂವ ಹೇಳಿದ್ದ. ನಾನು ಯಾರಿಗೂ ಹೇಳಲಿಲ್ಲ. ಇದು ಗೋಶಾಲೆನೂ ಅಲ್ಲ. ಇವರು ಕೊಯ್ಯಾಕ ಸಾಕತಾರ. ಮಂದಿ ಎಷ್ಟು ತಿಂತಾರ ಅಂತ ಲೆಕ್ಕ ಹೇಳೋದು ನನ್ನ ಕೆಲಸ. ಮೆಕ್ಕೆಜೋಳದ್ದಲ್ಲ." ತಿರುಗಿ ಡೇನಿಯಲ್ಲನಿಗೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ. ನೀನು ಹೇಳಿದ್ದೆ, ನಾಚಿಕೆಪಟ್ಟು ನಾನು ಸುಮ್ಮನಾದೆ ಎಂದ. ಡೇನಿಯಲ್ ಹೂಂ ಎಂದು ತಲೆಯಾಡಿಸಿದ, ಅಷ್ಟೇ. ಶಿವಕ್ಕ ಮಗನ ಮುಖ ನೋಡಿದರು. ತೋಳು ಹಿಡಿದಿದ್ದ ಕೈಯನ್ನು ಬಿಟ್ಟರು.

ವೆಟ್‌ಗೆ ಈ ಮನೆಮಾತೆಲ್ಲ ಬೇಕಾಗಿರಲಿಲ್ಲ. ಎರಡು ಬಕೆಟ್ ಎಂದು ಕೇಳಿದ ಕೂಡಲೆ ಅವಳ ನಿಲುವೇ ಬದಲಾಗಿತ್ತು. ಹಸುವಿನ ಪಕ್ಕೆಗೆ ಸೂಜಿ ಹಾಕಿ ಒಳಗಿನ ನೀರು ತೆಗೆದು ಕಾಗದದ ಚೂರಿಗೆ ಮುಟ್ಟಿಸಿ ಬಣ್ಣ ನೋಡಿದಳು, ಹುಳಿ ವಿಪರೀತ ಎಂದಳು. ಇವತ್ತು ತಲೆಯ ಮಾತಿಲ್ಲ, ಬೀಗದ ಮಾತೂ ಇಲ್ಲ ಎಂದಾಗ ಡೇನಿಯಲ್ ಕಂಬ ಬಿಟ್ಟು ನೆಟ್ಟಗೆ ನಿಂತ. ಬಾಯೊಳಗೆ ನಳಿಗೆ ಇಳಿಸಿ, ಬಿಸಿನೀರಿನಲ್ಲಿ ಕರಗಿಸಿದ ಅಡುಗೆ ಸೋಡಾ ಹೊಯ್ದರು. ಸೋಡಾದ ಡಬ್ಬಿ ಗುರುತಿಸಿ ಶಿವಕ್ಕ ತಾವೇ ಮುಂದೆ ಬಂದು ನೀರು ಕದಡಿ ಕೊಟ್ಟರು. ಬೇಟೆಗಾರರು ಇನ್ನು ಈ ವರ್ಷ ಬರುವುದಿಲ್ಲ ಎಂದ ಡೇನಿಯಲ್, ಯಾರಿಗೂ ಹೇಳಿದ್ದಲ್ಲ, ಸುಮ್ಮನೆ ಅಂದ. ಹಸು ಎದ್ದು ನಿಂತ ಫೋಟೋವನ್ನು ಸಾವಿರ ಜನ ಹಂಚಿಕೊಳ್ಳುವುದಿಲ್ಲ ಎಂದ. ಅದು ನಿಜವೆಂದು ಮಹೇಶನಿಗೆ ಗೊತ್ತಿತ್ತು, ಹಬ್ಬಿದ ಆ ಹಳೆಯ ಫೋಟೋದ ಕೆಳಗೆ ತಾನೇ ತನ್ನ ಹೆಸರು ಹಾಕಿ, ಬೂದಿ ಯಾರದು, ತಪ್ಪು ಯಾರದು ಎಂದು ಬರೆಯುತ್ತೇನೆ ಎಂದ. ಓದುವವರು ನಗುತ್ತಾರೆ, ಓಲ್ಡ್ ಬ್ರಿಡ್ಜ್‌ನ ಮಂದಿಯೆಲ್ಲ ಗೋಶಾಲೆಯ ಕಥೆ ತೆಗೆದು ಆಡಿಕೊಳ್ಳುತ್ತಾರೆ. ನಗಲಿ, ನಕ್ಕವರಿಗೆ ಹೆದರಿಕೆ ಹೋಗುತ್ತದೆ, ಅದಂತೂ ಖಂಡಿತ ಎಂದುಕೊಂಡ.

ಈಗ ಒಂದೇ ಕೆಲಸ ಉಳಿದಿರುವುದು ಎಂದಳು ವೆಟ್. ಇವಳು ಪಕ್ಕಕ್ಕೆ ಒರಗಿಬಿಟ್ಟರೆ ಹೊಟ್ಟೆ ಉಬ್ಬಿ ಉಸಿರು ಕಟ್ಟುತ್ತದೆ, ಎದೆಯ ಮೇಲೆಯೇ ಕೂತಿರಬೇಕು, ಯಾರಾದರೂ ಆನಿಕೆ ಕೊಟ್ಟು ಕೂರಬೇಕು. ಡೇನಿಯಲ್ ಹುಲ್ಲಿನ ಪಿಂಡಿ ತರಲು ಹೋದ. ಮಹೇಶ ಕೋಟು ಕಳಚಿ ಬೇಲಿಗೆ ಹಾಕಿ, ಆಫೀಸಿನ ಶರ್ಟಿನಲ್ಲೇ ಸೆಗಣಿ ನೆಲದ ಮೇಲೆ ಕೂತು, ಮೇಬಲ್‌ಳ ಪಕ್ಕೆಗೆ ಬೆನ್ನು ಕೊಟ್ಟ. ಅಷ್ಟು ಭಾರ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಲಕ್ಷಾಂತರ ದನಗಳ ತೂಕ ಬಾಯಿಪಾಠ ಇದ್ದವನು ಒಂದು ದನವನ್ನು ಮೈಗೆ ಮೈ ತಾಗಿಸಿ ನೋಡಿದ್ದು ಇದೇ ಮೊದಲು. ಬಿಸಿಯಾಗಿತ್ತು, ನಡುಗುತ್ತಿತ್ತು, ಉಸಿರೆಳೆದಾಗಲೆಲ್ಲ ಅವನನ್ನು ಮುಂದಕ್ಕೆ ನೂಕುತ್ತಿತ್ತು. ಬೇಲಿಯ ಮೇಲಿನ ಕೋಟಿನಲ್ಲಿ ಫೋನ್ ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ಶಿವಕ್ಕ ಬಕೆಟ್ ತೊಳೆದಿಟ್ಟು, ಕರುವಿನ ಹತ್ತಿರ ಹೋಗಿ ಅದರ ಗದ್ದ ತುರಿಸಿ, ಬಹಳ ಹೊತ್ತು ಬೆನ್ನು ಹಾಕಿಯೇ ನಿಂತಿದ್ದರು. ಆಮೇಲೆ ಬಂದು ಅವನೆದುರು ನಿಂತರು. ಇವರು ಇನ್ನು ಜನ್ಮದಲ್ಲಿ ತನ್ನ ಕೈಯಿಂದ ನೀರನ್ನೂ ಮುಟ್ಟಲಿಕ್ಕಿಲ್ಲ ಎಂದು ಅವನಿಗೆ ಭಯವಾಯಿತು.

"ಇಷ್ಟು ವರ್ಷ ಮುಂದಾಗೋದನ್ನ ಹೇಳಿ ರೊಕ್ಕ ಗಳಿಸಿದ್ಯಲ್ಲ" ಎಂದರು. "ಹೇಳು. ಬದುಕತೈತೇನು ಇದು?"

ಮಹೇಶ ಬಾಯಿ ತೆರೆದ. ಎಂಥ ಪ್ರಶ್ನೆಗೂ ತಯಾರಿರುತ್ತಿದ್ದ ಉತ್ತರ ಎಂದಿನಂತೆ ನಾಲಿಗೆಯ ತುದಿಗೆ ಬಂತು, ನೂರರಲ್ಲಿ ಇಷ್ಟು ಬದುಕುತ್ತವೆ, ಇಷ್ಟು ಸಾಯುತ್ತವೆ ಎಂದು. ಬೆನ್ನ ಹಿಂದೆ ಇದ್ದದ್ದು ನೂರಲ್ಲ.

"ಗೊತ್ತಿಲ್ಲವ್ವಾ" ಎಂದ.

ಶಿವಕ್ಕ ಅವನನ್ನೂ ಆಕಳನ್ನೂ ನೋಡಿದರು. ಬಗ್ಗಿ, ಜಾರುತ್ತಿದ್ದ ಅವನ ಹೆಗಲನ್ನು ಎರಡೂ ಕೈಯಿಂದ ಹಿಡಿದು, ಹಸುವಿನ ಪಕ್ಕೆಗೆ ಗಟ್ಟಿಯಾಗಿ ಒತ್ತಿ ಕೂರಿಸಿದರು.

"ಹಂಗಾರ ಏಳಬ್ಯಾಡ" ಎಂದರು.